ಮಾಂಸ ಬೇಯದ ವ್ಯಾನು

ಹಳೆಯ ಕ್ಯಾಂಪರ್ ವ್ಯಾನು ಮಾರುವವರಿಗೆ ಫೋನು ಮಾಡಿ ಕೇಳಬಾರದ ಪ್ರಶ್ನೆ ಒಂದಿದೆ. ಅದನ್ನು ನಾನು ನ್ಯೂಜಿಲೆಂಡಿನಲ್ಲಿ ಹನ್ನೊಂದು ಜನಕ್ಕೆ ಕೇಳಿದ್ದೇನೆ. ಇದರೊಳಗೆ ಯಾವತ್ತಾದರೂ ಮಾಂಸ ಬೇಯಿಸಿದ್ದೀರಾ?

ಮೊದಲನೆಯವನು, ಮತ್ತೆ ಅದರಲ್ಲಿ ಒಲೆ ಯಾಕೆ ಇಟ್ಟಿದ್ದಾರೆ ಅಂದುಕೊಂಡಿದ್ದೀಯ ಎಂದು ನನ್ನನ್ನೇ ಕೇಳಿದ. ಎರಡನೆಯವಳು ನನಗೆ ಮಾಂಸದ ಮೇಲೆ ಪ್ರೀತಿ ಎಂದು ತಿಳಿದು, ವ್ಯಾನು ಕೊಂಡರೆ ಬಾರ್ಬೆಕ್ಯೂ ಒಲೆಯನ್ನು ಪುಕ್ಕಟೆ ಕೊಡುವುದಾಗಿ ಹೇಳಿದಳು. ಮೂರನೆಯವನು ನಾನು ತಪಾಸಣೆಯ ನಗರಸಭೆಯವನಿರಬೇಕು ಎಂದು ಹೆದರಿ ಫೋನು ಇಟ್ಟ. ನನ್ನ ಹದಿನಾಲ್ಕು ವರ್ಷದ ಮಗಳು ಪಕ್ಕದ ಸೋಫಾದಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡು, "ಡ್ಯಾಡ್, ಯು ಆರ್ ಸೋ ಎಂಬರ್‍ಯಾಸಿಂಗ್" ಎಂದು ಎದ್ದು ಹೋದಳು. ನನ್ನ ಇಂಗ್ಲಿಷ್ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ, ಅದೇ ತೊಂದರೆ.

ಇಷ್ಟಕ್ಕೆಲ್ಲ ಕಾರಣ ನನ್ನ ಅಮ್ಮ. ಅಥವಾ ಹಾಗೆಂದು ನಾನು ಆಗ ತಿಳಿದಿದ್ದೆ.

ಅಮ್ಮ ಮೈಸೂರಿನಿಂದ ಆರು ತಿಂಗಳಿಗೆಂದು ಆಕ್ಲೆಂಡಿಗೆ ಬಂದು ನಾಲ್ಕೂವರೆ ತಿಂಗಳಾಗಿತ್ತು. ಅವರಿಗೆ ಎಪ್ಪತ್ತಾರು. ಇನ್ನೊಂದು ಸಲ ಇಷ್ಟು ದೂರದ ವಿಮಾನ ನನ್ನ ಕೈಲಾಗದು ಎಂದು ಬಂದ ವಾರವೇ ಹೇಳಿಬಿಟ್ಟಿದ್ದರು. ಅಂದರೆ ಈ ದೇಶವನ್ನು ಅವರಿಗೆ ತೋರಿಸುವುದಿದ್ದರೆ ಈಗಲೇ ತೋರಿಸಬೇಕು. ಆದರೆ ನಾಲ್ಕೂವರೆ ತಿಂಗಳಲ್ಲಿ ಅವರು ನೋಡಿದ್ದು ನಮ್ಮ ಹಿತ್ತಲು, ಸೂಪರ್ ಮಾರ್ಕೆಟ್ಟು, ಒಂದು ದೇವಸ್ಥಾನ ಮತ್ತು ಪಕ್ಕದ ಮನೆಯವರ ಬೆಕ್ಕು. ಬಿಸಿನೀರಿನ ಬುಗ್ಗೆ ನೋಡೋಣ ಬನ್ನಿ ಎಂದರೆ ಬೇಡ. ಸಮುದ್ರದ ದಂಡೆಯಲ್ಲಿ ಎರಡು ದಿನ ಇದ್ದು ಬರೋಣ ಎಂದರೆ ಬೇಡ. ಒಂದು ಸಲ ಕೇಳದೆ ಮೋಟೆಲ್ ಕಾದಿರಿಸಿದೆ. ಹೊರಡುವ ಹಿಂದಿನ ದಿನ ಅಮ್ಮನಿಗೆ ಮೈ ಬೆಚ್ಚಗಾಯಿತು, ರದ್ದು ಮಾಡಿದ ಕೂಡಲೇ ತಣ್ಣಗಾಯಿತು.

ಕಾರಣ ಕೇಳಿದರೆ ಒಂದೇ ಉತ್ತರ. "ಕಂಡವರು ಏನೇನೋ ಬೇಯಿಸಿರೋ ಅಡುಗೆಮನೆ ಕಣೋ ಅದು. ನನ್ನ ಮಡಿಗೆ ಅದೆಲ್ಲ ಒಗ್ಗಲ್ಲ."

ಈ ಉತ್ತರವನ್ನು ನಾನು ಮರುಯೋಚನೆಯಿಲ್ಲದೆ ನಂಬಿದೆ. ನಂಬದೆ ಇರಲು ಕಾರಣವೂ ಇರಲಿಲ್ಲ. ಒದ್ದೆ ಸೀರೆಯಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜಿಯ ಸೊಸೆ ಅವರು. ನಮ್ಮ ಮನೆಗೆ ಬಂದ ದಿನವೇ ಫ್ರಿಜ್ಜಿನ ಒಂದು ಅಂಕಣವನ್ನು ತಮ್ಮದೆಂದು ಗುರುತು ಮಾಡಿಕೊಂಡಿದ್ದರು, ಅಲ್ಲಿ ಮೊಸರಿನ ಪಕ್ಕ ಮೊಟ್ಟೆ ಸುಳಿಯುವಂತಿರಲಿಲ್ಲ.

ಇನ್ನು ನಾನು. ಆಕ್ಲೆಂಡಿನ ಈಸ್ಟ್ ತಮಾಕಿಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕ. ಲೋಹದ ಪೆಟ್ಟಿಗೆಗಳು ನನ್ನ ಮುಂದೆ ಸಾಲಾಗಿ ಬರುತ್ತವೆ. ತಟ್ಟುತ್ತೇನೆ, ಅಳೆಯುತ್ತೇನೆ, ಪಾಸು ಅಥವಾ ಫೇಲು ಎಂದು ಬರೆಯುತ್ತೇನೆ. ಇದನ್ನು ಹದಿನೇಳು ವರ್ಷ ಮಾಡಿದ ಮನುಷ್ಯನಿಗೆ ಒಂದು ಕೆಟ್ಟ ಭ್ರಮೆ ಬರುತ್ತದೆ. ನನ್ನ ಕಣ್ಣಿಗೆ ಬೀಳದ ದೋಷ ಭೂಮಿಯ ಮೇಲೆ ಇಲ್ಲ ಎನ್ನುವುದು ಅದು. ಹಾಗಾಗಿ ಅಮ್ಮನ ಸಮಸ್ಯೆಯನ್ನೂ ಪೆಟ್ಟಿಗೆಯಂತೆ ಎದುರಿಗಿಟ್ಟುಕೊಂಡು ನೋಡಿದೆ. ದೋಷ ಏನು? ಬೇರೆಯವರ ಅಡುಗೆಮನೆ. ಪರಿಹಾರ ಏನು? ನಮ್ಮದೇ ಅಡುಗೆಮನೆಯನ್ನು ಜೊತೆಗೆ ಒಯ್ಯುವುದು. ಒಲೆ, ಸಿಂಕು, ಹಾಸಿಗೆ ಎಲ್ಲ ಇರುವ ಒಂದು ಹಳೆಯ ಕ್ಯಾಂಪರ್ ವ್ಯಾನು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಹೊಸದು ಕೊಳ್ಳುವ ಶಕ್ತಿ ನಮಗಿಲ್ಲ, ಬಾಡಿಗೆಯದು ಮಡಿಗೆ ಇನ್ನೂ ಅಪಾಯ. ಅಲ್ಲಿ ವಾರಕ್ಕೊಂದು ಕುಟುಂಬ ಹಂದಿ ಹುರಿದಿರುತ್ತದೆ. ಆದ್ದರಿಂದ ಅಗ್ಗದ, ಹಳೆಯ, ಆದರೆ ಸಸ್ಯಾಹಾರಿಯಾದ ವ್ಯಾನೊಂದನ್ನು ಹುಡುಕತೊಡಗಿದೆ. ಜನರಿಗಿಂತ ಕುರಿ ದನ ಹೆಚ್ಚಿರುವ, ಅವನ್ನು ಅಷ್ಟೇ ಶ್ರದ್ಧೆಯಿಂದ ತಿನ್ನುವ ದೇಶದಲ್ಲಿ, ಮೂವತ್ತು ವರ್ಷ ಓಡಿಯೂ ಒಂದು ತುಂಡು ಮಾಂಸ ಬೇಯದ ವ್ಯಾನು ಸಿಗುತ್ತದೆ ಎಂದು ನಂಬುವುದಕ್ಕೆ ಎಂಥ ತಲೆ ಬೇಕು ಎನ್ನುವುದು ಈಗ ಹೊಳೆಯುತ್ತದೆ. ಆಗ ನಾನು ಅದಕ್ಕಾಗಿ ಒಂದು ಪಟ್ಟಿ ಮಾಡಿದ್ದೆ. ಅರವತ್ತೊಂದು ಅಂಶಗಳು. ತುಕ್ಕು, ಟೈರು, ಟೈಮಿಂಗ್ ಬೆಲ್ಟು, ಗೋಡೆಯ ತೇವ. ಮೊದಲನೆಯ ಅಂಶ ಮಾಂಸ.

ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಸಲಹೆ ಕೇಳಿದ್ದು ನನ್ನ ಎರಡನೆಯ ತಪ್ಪು. ಆ ಗುಂಪಿನಲ್ಲಿ ಯಾರ ಬಳಿಯೂ ಕ್ಯಾಂಪರ್ ವ್ಯಾನು ಇರಲಿಲ್ಲ, ಆದ್ದರಿಂದ ಎಲ್ಲರೂ ಧೈರ್ಯವಾಗಿ ಮಾತಾಡಿದರು. ಡೀಸೆಲ್ ಬೇಡ ಎಂದರು, ಡೀಸೆಲ್ ಅಲ್ಲದೆ ಬೇರೆ ಬೇಡ ಎಂದರು. ಜಾನ್ಸನ್‌ವಿಲ್‌ನಲ್ಲಿರುವ ಒಬ್ಬ ಮಿತ್ರರು, ತಮ್ಮ ಕಾರನ್ನೇ ಹಿಂದಕ್ಕೆ ತೆಗೆಯಲು ಹೆಂಡತಿಯನ್ನು ಕರೆಯುವವರು, ಹಳೆಯ ವ್ಯಾನಿನ ಗೋಡೆಗಳೊಳಗೆ ನೀರು ಇಳಿದು ಮರ ಕೊಳೆಯುವ ಬಗ್ಗೆ ನನಗೆ ಮುಕ್ಕಾಲು ಗಂಟೆ ವಿಡಿಯೋ ಕರೆಯಲ್ಲಿ ಪಾಠ ಮಾಡಿದರು. ಇನ್ನೊಬ್ಬರು ಕಾನೂನು ಹೇಳಿದರು. ಈಗ ವ್ಯಾನಿನೊಳಗೆ ಟಾಯ್ಲೆಟ್ಟು ಗಟ್ಟಿಯಾಗಿ ಕೂರಿಸಿರಬೇಕು, ಹಾಸಿಗೆ ಬಿಚ್ಚಿದಾಗಲೂ ಅದನ್ನು ಬಳಸುವಂತಿರಬೇಕು, ಇಲ್ಲದಿದ್ದರೆ ಕಂಡಕಂಡಲ್ಲಿ ನಿಲ್ಲಿಸಿ ಮಲಗುವಂತಿಲ್ಲ. ಟಾಯ್ಲೆಟ್ಟಿನ ವಿಷಯವನ್ನು ನಾನು ಪಟ್ಟಿಯ ಕೊನೆಗೆ, ಅರವತ್ತೆರಡನೆಯದಾಗಿ ಸೇರಿಸಿದೆ. ಅಡುಗೆಮನೆಯಿಂದ ಎಷ್ಟು ದೂರ ಇದ್ದರೆ ಅಷ್ಟು ಒಳ್ಳೆಯದು ಎಂದು ಷರಾ ಬರೆದೆ.

ನನ್ನ ಹೆಂಡತಿ ಧಾರವಾಡದವಳು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ನನ್ನ ಪಟ್ಟಿಯನ್ನು ಒಂದು ಸಂಜೆ ಓದಿ, ಮೂಗಿನ ಮೇಲಿನ ಕನ್ನಡಕ ತೆಗೆದು, "ಅಡಗಿಮನಿ ಚಿಂತಿ ಬಿಡ್ರಿ. ಮೊದಲ ಸಂಡಾಸ ನೋಡ್ರಿ" ಎಂದಳು.

ನರ್ಸುಗಳಿಗೆ ಇದೊಂದು ಹುಚ್ಚು, ಎಲ್ಲವನ್ನೂ ಆ ಕಡೆಯಿಂದಲೇ ಶುರು ಮಾಡುತ್ತಾರೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದಳು. ನನ್ನ ಹೆಂಡತಿ ಬಾಯಿ ತೆರೆದು ಮುಚ್ಚುವುದು ತೀರ ಅಪರೂಪದ ಘಟನೆ. ಪರೀಕ್ಷಕನಾದ ನಾನು ಅದನ್ನೂ ಗಮನಿಸದೆ ಪಾಸು ಮಾಡಿದೆ.

ಹನ್ನೊಂದನೆಯ ಫೋನು ಪುಕೆಕೊಹೆ ಎಂಬ ಊರಿಗೆ. ಈರುಳ್ಳಿ ಬೆಳೆಯುತ್ತಿದ್ದು ಈಗ ಕೆಲಸ ಬಿಟ್ಟಿದ್ದ ಒಬ್ಬ ಮುದುಕ. ಮಂಡಿ ನೋವಿಗೆ ವ್ಯಾನಿನ ಮೆಟ್ಟಿಲು ಹತ್ತಲಾಗದು, ಅದಕ್ಕೇ ಮಾರುತ್ತಿದ್ದೇನೆ ಎಂದ. ನಾನು ನನ್ನ ಪ್ರಶ್ನೆ ಕೇಳಿದೆ. ಆತ ತಬ್ಬಿಬ್ಬಾಗದೆ, ಒಳಗೆ ಇಲ್ಲ, ಯಾವತ್ತೂ ಇಲ್ಲ ಎಂದ. ಪರದೆಗಳಿಗೆ ವಾಸನೆ ಹಿಡಿಯುತ್ತದೆ ಎಂದು ಅವನ ಹೆಂಡತಿ ಮೀನು, ಮಾಂಸ ಎಲ್ಲವನ್ನೂ ಹೊರಗೆ ಹುಲ್ಲಿನ ಮೇಲೆ ಒಲೆ ಹೂಡಿಸಿಯೇ ಮಾಡಿಸುತ್ತಿದ್ದಳಂತೆ. ಒಳಗಿನ ಒಲೆಯಲ್ಲಿ ಚಹಾದ ನೀರು ಮತ್ತು ಗಂಜಿ ಮಾತ್ರ.

ಫೋನು ಕೆಳಗಿಟ್ಟು ನಾನು ಅಡುಗೆಮನೆಯಲ್ಲಿ ಅಕ್ಷರಶಃ ಕುಣಿದೆ. ಪರದೆಯ ದೆಸೆಯಿಂದ ಒಂದು ವ್ಯಾನು ಬ್ರಾಹ್ಮಣ್ಯ ಉಳಿಸಿಕೊಂಡಿತ್ತು. ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಉತ್ಸಾಹವನ್ನು ನೋಡಿ, ಸೊಸೆಯ ಮುಖ ನೋಡಿ, "ಅದರೊಳಗೆ ಎಲ್ಲಾ ಇರತ್ತೇನೋ?" ಎಂದು ಕೇಳಿದರು. ಎಲ್ಲಾ ಇರುತ್ತದೆ, ಎರಡು ಬರ್ನರಿನ ಒಲೆಯಿದೆ ಎಂದೆ. ಹಾಗಾದರೆ ಬರುತ್ತೇನೆ ಎಂದರು. ಅರ್ಧ ಗಂಟೆಯ ದಾರಿ ತಾನೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಶನಿವಾರ ಹೋಗುವುದೆಂದಾಯಿತು. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಅದು ಮೈಸೂರಿನ ಒಂಬತ್ತೋ ಇಲ್ಲಿನ ಒಂಬತ್ತೋ, ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಚಳಿಗಾಲಕ್ಕೆ ಮತ್ತೆ ಹಿಂದಿಡುವ ಈ ಸರ್ಕಾರದ ಆಜ್ಞೆಗೆ ರಾಹು ಬದ್ಧನೋ ಇಲ್ಲವೋ ಎನ್ನುವ ಚರ್ಚೆ ಶುಕ್ರವಾರ ಸಂಜೆಯನ್ನು ತಿಂದಿತು. ಕೊನೆಗೆ ಯಾವ ಲೆಕ್ಕದಲ್ಲೂ ಸಿಗದಂತೆ ಹನ್ನೆರಡಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಮಗಳನ್ನು ನೆಟ್‌ಬಾಲ್ ಆಟಕ್ಕೆ ಬಿಟ್ಟು ನಾವು ಮೂವರು ಹೊರಟೆವು. ಟಾರ್ಚು, ಅಯಸ್ಕಾಂತ, ಕಾರ್ಖಾನೆಯಿಂದ ಎರವಲು ತಂದ ತೇವ ಅಳೆಯುವ ಮೀಟರು, ಪಟ್ಟಿ ಸಿಕ್ಕಿಸಿದ ಫೈಲು ನನ್ನ ಕೈಯಲ್ಲಿದ್ದವು. ಅಮ್ಮನ ಕೈಯಲ್ಲಿ ಒಂದು ಸ್ಟೀಲಿನ ಪಾತ್ರೆ. ದಾರಿಯಲ್ಲಿ ಒಂದು ಡೇರಿ ಅಂಗಡಿಯ ಮುಂದೆ ನಿಲ್ಲಿಸಿ ಒಂದು ಲೀಟರ್ ಹಾಲು ಕೊಂಡೆವು.

ಹಾಲು ಯಾಕೆಂದರೆ, ಮಲಗಿ ಎದ್ದು ಅಡುಗೆ ಮಾಡುವುದಾದ ಮೇಲೆ ಅದು ಮನೆಯೇ, ಮನೆ ಅಂದಮೇಲೆ ಹಾಲು ಉಕ್ಕಿಸಬೇಕು. ಕೊಂಡ ಮೇಲೆ ತಾನೇ ಉಕ್ಕಿಸುವುದು ಎಂದು ನಾನು ವಾದಿಸಿದ್ದೆ. ಕೊಂಡ ಮೇಲೆ ಅಪಶಕುನವಾದರೆ ಏನು ಮಾಡುತ್ತೀ, ವಾಪಸ್ಸು ಕೊಡುತ್ತೀಯಾ ಎಂದರು ಅಮ್ಮ. ಮಾಲು ಒಪ್ಪಿಕೊಳ್ಳುವ ಮೊದಲೇ ಪರೀಕ್ಷಿಸಬೇಕು ಎಂದು ನಾನೇ ಹೊಸಬರಿಗೆ ಹೇಳಿಕೊಡುವುದು. ಒಲೆ ಉರಿಯುತ್ತದೋ ನೋಡಿದಂತೆಯೂ ಆಯಿತು ಎಂದು ಒಪ್ಪಿದೆ.

ವ್ಯಾನು ಮುದುಕನ ಷೆಡ್ಡಿನ ಪಕ್ಕದಲ್ಲಿ ನಿಂತಿತ್ತು. ಮುಂದೆ ಜಪಾನಿನ ಲಾರಿಯ ಮೂತಿ, ಹಿಂದೆ ಒಂದು ಬಿಳಿಯ ಡಬ್ಬ, ಡಬ್ಬದ ಸುತ್ತ ಕಾಫಿ ಬಣ್ಣದ ಪಟ್ಟೆ. ಒಳಗೆ ಎಲ್ಲವೂ ಕಂದು. ಸೀಟು ಕಂದು, ಕಪಾಟು ಕಂದು, ಪುಣ್ಯವಂತ ಪರದೆಗಳೂ ಕಂದು. ಮುದುಕ ಸೌಮ್ಯ ಮನುಷ್ಯ, ಜೊತೆಗೆ ಅಷ್ಟೇ ಮುದಿಯಾದ ಒಂದು ನಾಯಿ. ನಾನು ಫೈಲು ತೆರೆದು ಟಾರ್ಚು ಹಾಕಿ ಕೆಳಗೆ ತೂರಿದೆ, ಮೇಲೆ ಹತ್ತಿದೆ, ಅಯಸ್ಕಾಂತ ಅಂಟಿಸಿದೆ. ಆತ ಒಂದು ಕುರ್ಚಿ ಹಾಕಿಕೊಂಡು, ತನ್ನ ವ್ಯಾನಿಗೆ ಬಂದ ವೈದ್ಯನನ್ನು ನೋಡುವಂತೆ ನೋಡುತ್ತಾ ಕೂತ. ಎಂಜಿನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಐವತ್ತೆರಡು ಅಂಶಗಳವರೆಗೆ ಎಲ್ಲವೂ ಪಾಸು. ನನಗೆ ಇಷ್ಟು ಸುಲಭವಾಗಿ ಪಾಸಾಗುವ ವಸ್ತುವಿನ ಮೇಲೆ ಯಾವಾಗಲೂ ಸಿಟ್ಟು ಬರುತ್ತದೆ.

ಆಮೇಲೆ ಹಾಲು. ಪೂರ್ವ ಯಾವ ಕಡೆ ಎಂದು ಅಮ್ಮ ಕೇಳಿದರು, ನಾನು ಫೋನಿನಲ್ಲಿ ದಿಕ್ಸೂಚಿ ನೋಡಿ ತೋರಿಸಿದೆ. ಮುದುಕನಿಗೆ ಇದು ನಮ್ಮ ಕಡೆಯ ಒಲೆ ಪರೀಕ್ಷೆ ಎಂದು ವಿವರಿಸಿದೆ, ಆತ ಬಹಳ ಒಳ್ಳೆಯ ಪದ್ಧತಿ ಎಂದ. ಅಮ್ಮ ಕೈ ಮುಗಿದರು, ಹಾಲು ಏರಿತು, ಬುಸ್ಸೆಂದು ಉಕ್ಕಿತು, ಒಲೆಯ ಅಂಚಿನಿಂದ ಕಪಾಟಿನ ಮೇಲೆ ಹರಿದು ನೆಲಕ್ಕೆ ಬಿತ್ತು. ನೆಲದ ಮೇಲೆ ಒಂದು ಮೊಳ ಪೂರ್ವಕ್ಕೇ ಹೋಯಿತು. ಅಮ್ಮನ ಮುಖ ಅರಳಿತು. ಅಷ್ಟರಲ್ಲಿ ಗೋಡೆಯ ಬುಡದ ಹತ್ತಿರ ಹಾಲು ನಿಂತಿತು. ನಿಂತು, ಕಡಿಮೆಯಾಗಿ, ನಮ್ಮೆಲ್ಲರ ಕಣ್ಣೆದುರೇ ಇಲ್ಲವಾಯಿತು.

ಅರ್ಧ ಲೀಟರಿನಷ್ಟು ಹಾಲು ಎಲ್ಲಿ ಹೋಯಿತು? ಹೊರಗೆ ಇಳಿದು ನೋಡಿದರೆ ನಾಯಿ ವ್ಯಾನಿನ ಕೆಳಗೆ ತೂರಿಕೊಂಡು ಮೇಲಿನಿಂದ ತೊಟ್ಟಿಕ್ಕುತ್ತಿದ್ದ ಹಾಲನ್ನು ಕಣ್ಣು ಮುಚ್ಚಿ ನೆಕ್ಕುತ್ತಿತ್ತು.

ಮುದುಕ ಒಂದು ಸ್ಕ್ರೂಡ್ರೈವರ್ ತಂದು, ಹೊರಗೇ ನಿಂತು ಬಾಗಿಲಿನಿಂದ ಕೈ ಚಾಚಿ ನೆಲಹಾಸನ್ನು ಎತ್ತಿ ಚುಚ್ಚಿದ. ಬೆಣ್ಣೆಗೆ ಚುಚ್ಚಿದಂತೆ ಹಿಡಿಯವರೆಗೂ ಇಳಿಯಿತು. ಕಿಟಕಿಯ ಸಂದಿನಿಂದ ಎಷ್ಟೋ ವರ್ಷ ಮಳೆ ನೀರು ಇಳಿದು ಆ ಮೂಲೆಯ ಹಲಗೆ ಕೊಳೆತಿತ್ತು. ಮೇಲಿನ ಪ್ಲಾಸ್ಟಿಕ್ ಹಾಸು ಅದನ್ನು ಮರ್ಯಾದೆಯಿಂದ ಮುಚ್ಚಿಟ್ಟಿತ್ತು, ನನ್ನ ತೇವದ ಮೀಟರಿಗೂ ಸಿಕ್ಕಿರಲಿಲ್ಲ. ಆತನ ಮುಖ ಬಿಳಿಚಿಕೊಂಡಿತು. ದೇವರಾಣೆ ನನಗೆ ಗೊತ್ತಿರಲಿಲ್ಲ ಎಂದ. ನಾನು ಚೌಕಾಸಿಗೆ ಇಳಿಯುವ ಮುಂಚೆಯೇ ತಾನಾಗಿ ಬೆಲೆಯಲ್ಲಿ ಕಾಲು ಭಾಗ ಇಳಿಸಿ, ಆದರೆ ನಿನ್ನ ಜಾಗದಲ್ಲಿ ನಾನಿದ್ದರೆ ಕೊಳ್ಳುತ್ತಿರಲಿಲ್ಲ ಎಂದೂ ಸೇರಿಸಿದ.

ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಕೊನೆಗೂ ಒಂದು ದೋಷ. ಜೇಬಿನಿಂದ ಪೆನ್ನು ತೆಗೆದು, ಫೇಲು ಎಂದು ದಪ್ಪಕ್ಷರದಲ್ಲಿ ಬರೆದೆ. ಅಮ್ಮನಿಗೆ ತೋರಿಸಿ, ನಿಮ್ಮ ಶಾಸ್ತ್ರವೂ ನನ್ನ ಪಟ್ಟಿಯೂ ಒಂದೇ ಮಾತು ಹೇಳುತ್ತಿವೆ ನೋಡಿ ಎನ್ನಬೇಕೆಂದು ಒಳಗೆ ಬಂದರೆ ಅಮ್ಮ ಇಲ್ಲ.

ನನ್ನ ಹೆಂಡತಿ ಟಾಯ್ಲೆಟ್ಟಿನ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹಿಂದಿನ ಹಾಸಿಗೆಯನ್ನು ಪೂರ್ತಿ ಬಿಚ್ಚಿ ಹಾಸಿದ್ದಳು. ನಾವು ಹೊರಗೆ ನಾಯಿಯ ಜೊತೆ ಇದ್ದಾಗ ಅಮ್ಮ ಹಾಸಿಗೆಯ ಮೇಲೆ ಮಲಗಿ, ಎದ್ದು, ಟಾಯ್ಲೆಟ್ಟಿಗೆ ನಡೆದು, ಮತ್ತೆ ಬಂದು ಮಲಗಿ, ಮತ್ತೆ ಎದ್ದು ನಡೆದಿದ್ದರಂತೆ. ಈಗ ಮೂರನೆಯ ಸಲ. ಇದೇನು ಆಟ ಎಂದು ಕೇಳಿದೆ. ಅವಳು ಸುಮ್ಮನಿರುವಂತೆ ಕಣ್ಣಿನಲ್ಲೇ ಹೇಳಿದಳು.

ಬಾಗಿಲು ತೆರೆಯಿತು. ಅಮ್ಮ ಹೊರಗೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ಮುದುಕ ಬಾಗಿಲ ಹತ್ತಿರ ಕಂಡಾಗ, ಅವರನ್ನು ಸ್ವಲ್ಪ ಆಚೆ ಕಳಿಸು ಎಂದರು. ಆತನಿಗೆ ಕನ್ನಡ ಬರುವುದಿಲ್ಲ ಎಂದೆ. ಬರದಿದ್ದರೂ ಕಳಿಸು ಎಂದರು. ನಾನು ಕೇಳುವ ಮುಂಚೆಯೇ ಆತ ನಾಯಿಯನ್ನು ಕರೆದುಕೊಂಡು ಷೆಡ್ಡಿನ ಕಡೆ ಹೋದ.

"ಮೂರೇ ಹೆಜ್ಜೆ ಕಣೋ" ಎಂದರು ಅಮ್ಮ. "ಇದನ್ನ ತಗೊಂಡ್ಬಿಡು."

ನೆಲ ಕೊಳೆತಿದೆ ಎಂದು ನಾನು ವಿವರಿಸತೊಡಗಿದೆ. ವಾಹನದ ಫಿಟ್‌ನೆಸ್ ಪತ್ರಕ್ಕೆ ತಕರಾರು ಬರುತ್ತದೆ, ಹಲಗೆ ಬದಲಿಸಬೇಕು, ಗೋಡೆಯೊಳಗೆ ಇನ್ನೇನಿದೆಯೋ ಯಾರಿಗೆ ಗೊತ್ತು. ಹಾಲು ಹೋದ ರೀತಿ ನೋಡಿದಿರಲ್ಲ, ಅದು ಯಾವ ಶಕುನ ಎಂದೂ ಕೇಳಿದೆ.

"ಈ ಮೂರು ಹೆಜ್ಜೆ ಕೆಳಗೆ ಗಟ್ಟಿಯಾಗಿದೆ ತಾನೆ?"

ಗಟ್ಟಿಯಾಗಿತ್ತು. ಅದನ್ನು ನಾನೇ ತಟ್ಟಿ ನೋಡಿದ್ದೆ. ಆದರೂ ನನಗೆ ಅರ್ಥವಾಗಲಿಲ್ಲ. ಒಲೆ ಚಿಕ್ಕದಾಗಿದೆ, ನಿಮ್ಮ ಮಡಿ ಅಡುಗೆಗೆ ಇದಕ್ಕಿಂತ ಒಳ್ಳೆಯ ಅಡುಗೆಮನೆಯ ವ್ಯಾನು ಹುಡುಕೋಣ ಎಂದೆ. ಅಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನ ಮುಖ ನೋಡದೆ ಮಾತಾಡಿದರು.

"ಮಡಿ ಅಲ್ಲ ಕಣೋ. ಮೈಲಿಗೆ ಆದ್ರೆ ತಲೆಗೆ ನೀರು ಹಾಕ್ಕೊಂಡ್ರೆ ಹೋಗತ್ತೆ. ಕಂಡವರ ಹಾಸಿಗೆ ಒದ್ದೆ ಮಾಡಿದ್ರೆ ಈ ಮುಖ ಎಲ್ಲಿ ಇಟ್ಕೊಳ್ಳಲಿ?"

ನನ್ನ ಕೈಯಲ್ಲಿ ಫೈಲು ಇತ್ತು. ಅದನ್ನು ಎಲ್ಲಿಡಬೇಕೆಂದು ತೋಚದೆ ಒಲೆಯ ಮೇಲಿಟ್ಟೆ.

ಎರಡು ವರ್ಷದಿಂದ ಹೀಗಂತೆ. ಬಂತು ಅನ್ನಿಸಿದರೆ ತಡೆಯಲಾಗುವುದಿಲ್ಲ, ನಾಲ್ಕು ಹೆಜ್ಜೆ ಹೆಚ್ಚಾದರೆ ಕೆಲಸ ಕೆಟ್ಟಿತು. ನಮ್ಮ ಮನೆಯಲ್ಲಿ ಅವರ ಕೋಣೆಗೇ ಸೇರಿದ ಬಚ್ಚಲಿದೆ, ಅದಕ್ಕೇ ಅಲ್ಲಿ ಧೈರ್ಯ. ದೇವಸ್ಥಾನಕ್ಕೆ, ಅಂಗಡಿಗೆ ಹೋಗುವ ದಿನ ಬೆಳಗಿನಿಂದ ಒಂದು ಗುಟುಕು ನೀರು ಕುಡಿಯುವುದಿಲ್ಲ. ಇವತ್ತೂ ಕುಡಿದಿಲ್ಲ. ಇಲ್ಲಿಗೆ ಬರುವ ವಿಮಾನದಲ್ಲಿ ಕಿಟಕಿಯ ಸೀಟು. ಪಕ್ಕದಲ್ಲಿ ಇಬ್ಬರು ಗಂಡಸರು ನಿದ್ದೆ ಮಾಡುತ್ತಿದ್ದರು. ಎಬ್ಬಿಸಲು ಸಂಕೋಚಪಟ್ಟು ತಡೆದುಕೊಂಡರು, ಆಗಲಿಲ್ಲ. ಉಳಿದ ಆರು ಗಂಟೆ ಹಾಗೆಯೇ ಕೂತು ಬಂದರು.

ನನಗೆ ಆ ದಿನದ ವಿಮಾನ ನಿಲ್ದಾಣ ನೆನಪಾಯಿತು. ಅಮ್ಮ ವಿಮಾನದ ಕಂಬಳಿಯನ್ನು ಸೊಂಟಕ್ಕೆ ಸುತ್ತಿಕೊಂಡು ಹೊರಗೆ ಬಂದಿದ್ದರು. ಹಳ್ಳಿಗುಗ್ಗುವಿನ ಹಾಗೆ ವಿಮಾನದವರ ಕಂಬಳಿ ಎತ್ತಿಕೊಂಡು ಬಂದಿದ್ದೀರಲ್ಲ, ಇಲ್ಲಿ ಇದಕ್ಕೆಲ್ಲ ದಂಡ ಹಾಕುತ್ತಾರೆ ಎಂದು ನಾನು ಎಲ್ಲರೆದುರು ಗದರಿದ್ದೆ. ಅವರು ಚಳಿ ಎಂದಿದ್ದರು. ಅದು ಜನವರಿ, ನಮಗೆಲ್ಲ ಬೆವರು. ಮುಂದೆ ಆ ಕಂಬಳಿಯ ಕಥೆಯನ್ನು ನಾನು ಊಟಕ್ಕೆ ಕರೆದವರ ಮನೆಯಲ್ಲೆಲ್ಲ ಹೇಳಿ ನಗಿಸಿದ್ದೇನೆ, ಅಮ್ಮ ಪಕ್ಕದಲ್ಲೇ ಕೂತಿದ್ದಾಗ. ಒಂದು ಸಲವೂ ಅವರು ನನ್ನನ್ನು ತಡೆಯಲಿಲ್ಲ. ವ್ಯಾನಿನ ಆ ಕಂದು ಸೀಟಿನ ಮೇಲೆ ಕೂತು ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಅಪರಿಚಿತರಿಗೆ ಫೋನು ಮಾಡಿ ಅವರು ಏನು ಬೇಯಿಸಿದರೆಂದು ವಿಚಾರಿಸಿದವನು ನಾನು. ಅಮ್ಮನನ್ನು ಯಾಕೆ ಬೇಡ ಎನ್ನುತ್ತೀರಿ ಎಂದು ಎರಡನೆಯ ಸಲ ಕೇಳಿರಲಿಲ್ಲ.

ಹೆಂಡತಿಯ ಕಡೆ ತಿರುಗಿ, ನಿನಗೆ ಗೊತ್ತಿತ್ತಾ ಎಂದೆ.

"ಬಂದ ದಿನಾನ ಗೊತ್ತಾತು. ಆ ಕಂಬಳಿ ಒಗದಾಕಿ ನಾನ" ಎಂದಳು. "ನಿಮ್ಮ ಆಣಿ ಹಾಕ್ಸಿದ್ರು, ಮಗನಿಗೆ ಹೇಳಬ್ಯಾಡ ಅಂತ. ನಾ ಹೆಂಗ ಹೇಳ್ಲಿ?"

ಬಿ.ಪಿ. ತೋರಿಸುವ ನೆಪದಲ್ಲಿ ಅವಳೇ ಅಮ್ಮನನ್ನು ಡಾಕ್ಟರ ಬಳಿಗೆ ಕರೆದೊಯ್ದಿದ್ದಳು. ಮಾತ್ರೆ ಶುರುವಾಗಿತ್ತು, ಏನೇನೋ ವ್ಯಾಯಾಮ ಹೇಳಿಕೊಟ್ಟಿದ್ದರು, ಮೊದಲಿಗಿಂತ ಎಷ್ಟೋ ವಾಸಿಯಂತೆ. ಪ್ಯಾಡುಗಳಿದ್ದವು. ಇಲ್ಲದಿದ್ದದ್ದು ಧೈರ್ಯ. ಮೋಟೆಲಿನ ಬಿಳಿ ಹಾಸಿಗೆ ನೆನೆಸಿಕೊಂಡರೇ ಅಮ್ಮನಿಗೆ ಜ್ವರ ಬರುತ್ತಿತ್ತು. ಆ ಜ್ವರ ಸುಳ್ಳಾಗಿರಲಿಲ್ಲ.

ನಾನು ಹೊರಗಿಳಿದು ಮುದುಕನಿಗೆ ವ್ಯಾನು ತೆಗೆದುಕೊಳ್ಳುತ್ತೇನೆ ಎಂದೆ. ಆತ ನನ್ನನ್ನು ಕರುಣೆಯಿಂದ ನೋಡಿ, ಆದರೆ ನೆಲ ಎಂದ. ಗೊತ್ತು ಎಂದೆ. ಆತನಿಗೆ ಕನ್ನಡ ಬರದಿದ್ದರೂ, ವಯಸ್ಸು ಮತ್ತು ಮಂಡಿ ಇದ್ದವು. ಇನ್ನೇನೂ ಕೇಳದೆ ಷೆಡ್ಡಿನಿಂದ ಒಂದು ಪ್ಲೈವುಡ್ ಹಲಗೆ ತಂದು, ಕೊಳೆತ ಮೂಲೆಯ ಮೇಲಿಟ್ಟು, ನನ್ನಿಂದಲೇ ಎಂಟು ಸ್ಕ್ರೂ ಹಾಕಿಸಿದ. ಕಿಟಕಿಯ ಸಂದಿಗೆ ಅಂಟು ಬಳಿದ. ಟಾಯ್ಲೆಟ್ಟಿನ ಡಬ್ಬಿಯನ್ನು ಎಳೆದು ಖಾಲಿ ಮಾಡುವುದು ಹೇಗೆಂದು ತೋರಿಸಿಕೊಟ್ಟ. ಅದನ್ನು ನಾನು ಯಾವ ಎಂಜಿನಿಯರಿಂಗ್ ತರಗತಿಯಲ್ಲೂ ತೋರದ ಗಮನವಿಟ್ಟು ಕಲಿತೆ. ಬ್ಯಾಂಕಿನ ಕೆಲಸ, ಹೆಸರು ಬದಲಾವಣೆ ಎಲ್ಲ ಫೋನಿನಲ್ಲೇ ಮುಗಿಯಿತು.

ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದೆ, ನೆಲದ ಸಂಗತಿಯನ್ನೂ ಮುಚ್ಚಿಡದೆ ಬರೆದೆ. ಜಾನ್ಸನ್‌ವಿಲ್‌ನ ಮಿತ್ರರಿಂದ ನಿಮಿಷದೊಳಗೆ ಉತ್ತರ ಬಂತು. ಮುಕ್ಕಾಲು ಗಂಟೆ ಹೇಳಿದ್ದು ಗಾಳಿಗೆ ಹೋಯಿತಲ್ಲ, ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಎಂದು ಬರೆದಿದ್ದರು. ಯಾಕೆ ಕೊಂಡಿರಿ ಎಂದು ಇನ್ನೂ ನಾಲ್ಕು ಜನ ಕೇಳಿದರು. ಪರದೆಗಳು ಚೆನ್ನಾಗಿದ್ದವು ಎಂದು ಬರೆದು ಫೋನು ಆರಿಸಿದೆ. ಅವರ ದೃಷ್ಟಿಯಲ್ಲಿ ನಾನು ಇವತ್ತಿಗೂ ಪರದೆ ನೋಡಿ ವ್ಯಾನು ಕೊಂಡವನು, ಹಾಗೇ ಇರಲಿ.

ಹೊರಡುವಾಗ ನನ್ನ ಹೆಂಡತಿ ನಮ್ಮ ಕಾರಿನ ಡಿಕ್ಕಿಯಿಂದ ಒಂದು ದೊಡ್ಡ ಚೀಲ ತೆಗೆದು ವ್ಯಾನಿಗೆ ಹಾಕಿದಳು. ಅಮ್ಮನ ಎರಡು ಸೀರೆ, ಸ್ವೆಟರು, ಮಾತ್ರೆ, ಚಿತ್ರಾನ್ನದ ಡಬ್ಬಿ, ನನ್ನ ಹಲ್ಲುಜ್ಜುವ ಬ್ರಷ್ಷು. ಮುಂಜಾನೆಯೇ ಕಟ್ಟಿಟ್ಟಿದ್ದಳಂತೆ. ವ್ಯಾನು ಕೊಳ್ಳುತ್ತೇವೆಂದು ನಿನಗೆ ಹೇಗೆ ಗೊತ್ತಿತ್ತು ಎಂದು ಕೇಳಿದ್ದಕ್ಕೆ, ನಿಮಗ ಗೊತ್ತಿಲ್ಲದ್ದು ಎಷ್ಟೋ ಅದಾವ ಬಿಡ್ರಿ ಎಂದಳು. ಮಗಳನ್ನು ಕರೆದುಕೊಳ್ಳಲು ಅವಳು ಕಾರಿನಲ್ಲಿ ಮುಂದೆ ಹೋದಳು. ನಾನೂ ಅಮ್ಮನೂ ವ್ಯಾನಿನಲ್ಲಿ ನಿಧಾನವಾಗಿ ಹಿಂದೆ ಹೊರಟೆವು.

ವ್ಯಾನು ಪ್ರತಿ ಉಬ್ಬಿಗೂ ನರಳುತ್ತಿತ್ತು. ಕಪಾಟಿನ ಬಾಗಿಲುಗಳು ತೆರೆದು ಮುಚ್ಚಿ ತಾಳ ಹಾಕುತ್ತಿದ್ದವು. ಎರಡೂ ಕಡೆ ಈರುಳ್ಳಿ ಹೊಲಗಳ ಕೆಂಪು ಮಣ್ಣು. ಅಮ್ಮ ಎತ್ತರದ ಸೀಟಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ನನಗೆ ಕ್ಷಮೆ ಕೇಳಬೇಕೆನಿಸುತ್ತಿತ್ತು, ಆದರೆ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕ್ಷಮೆ ಕೇಳಿದ ಉದಾಹರಣೆಯಿಲ್ಲ, ಹೇಗೆ ಶುರು ಮಾಡುವುದೆಂದೇ ತಿಳಿಯಲಿಲ್ಲ. ಕಂಬಳಿಯ ಕಥೆ ಹೇಳಬಾರದಿತ್ತು ಎಂದೆ, ರಸ್ತೆಯನ್ನೇ ನೋಡುತ್ತಾ. ಅಮ್ಮ ಹೂಂ ಎಂದರು. ಸ್ವಲ್ಪ ದೂರ ಹೋದ ಮೇಲೆ, ನೀನು ಚೆನ್ನಾಗಿಯೇ ಹೇಳುತ್ತಿದ್ದೆ ಎಂದರು.

ಹೆದ್ದಾರಿ ಸೇರುವ ಕಡೆ ಕೆಂಪು ದೀಪ ಬಿತ್ತು. ನಾನು ಮನೆಯ ಕಡೆಗೆ ಎಡ ಸಿಗ್ನಲ್ ಹಾಕಿ ನಿಲ್ಲಿಸಿದೆ. ಅಮ್ಮ ಮುಂದಿದ್ದ ಹಸಿರು ಫಲಕವನ್ನು ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತದೆ.

"ಬಲಗಡೆ ಹೋದ್ರೆ ಏನಿದೆ?" ಎಂದರು.

ಉಳಿದ ದೇಶವೆಲ್ಲ ಅಲ್ಲೇ ಇದೆ ಎಂದೆ.

ಅಮ್ಮ ನಮ್ಮಿಬ್ಬರ ನಡುವೆ ಇದ್ದ ನನ್ನ ನೀರಿನ ಬಾಟಲಿಯನ್ನು ಎತ್ತಿಕೊಂಡರು. ಮುಚ್ಚಳ ತಿರುಗಿಸಿ, ತುಟಿಗೆ ತಾಗಿಸದೆ ಕತ್ತೆತ್ತಿ, ಗಟಗಟನೆ ಅರ್ಧಕ್ಕಿಂತ ಹೆಚ್ಚು ಕುಡಿದರು. ಮುಚ್ಚಳ ಹಾಕಿ ಮೊದಲಿದ್ದಲ್ಲಿ ಇಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡರು.

ದೀಪ ಹಸಿರಾಯಿತು. ನಾನು ಬಲಕ್ಕೆ ತಿರುಗಿಸಿದೆ.